ಈ ಬಣ್ಣ ಇವರಿಗೆ ನಡೆಯುವುದಿಲ್ಲ

ಹೋದ ತಿಂಗಳು ಒಂದು ಸಣ್ಣ ಕೆಲಸಕ್ಕೆಂದು ರೋಣದಿಂದ ಗಜೇಂದ್ರಗಡಕ್ಕೆ ಹೋಗಿದ್ದೆ. ಪ್ಯಾಟಿ ದಾಟಿ ಹಳೇ ಓಣಿಗೆ ತಿರುಗಿದೆನೋ ಇಲ್ಲವೋ, ಗಂಜಿಯ ವಾಸನೆ ಬಂತು. ಉಣ್ಣುವ ಗಂಜಿಯಲ್ಲ, ನೂಲಿಗೆ ಬಳಿಯುವ ಗಂಜಿ. ಆಗಷ್ಟೇ ನಾಲ್ಕು ಹನಿ ಉದುರಿ ನಿಂತಿದ್ದವು. ಓಣಿಯುದ್ದಕ್ಕೂ ಬಿಗಿದಿದ್ದ ಎಳೆಗಳನ್ನು ಇಬ್ಬರು ಹೆಂಗಸರು ಗಡಿಬಿಡಿಯಿಂದ ಸುತ್ತಿ ಒಳಗೆ ಒಯ್ಯುತ್ತಿದ್ದರು. ಹಸಿ ಮಣ್ಣು, ಹುಳಿ ಬಂದ ಗಂಜಿ, ಹೊಸ ಬಣ್ಣದ ನೂಲು, ಮೂರೂ ಕೂಡಿದ ಆ ವಾಸನೆಗೆ ನನ್ನ ಬಾಯಲ್ಲಿ ಹೆಸರಿಲ್ಲ. ಒಂದು ಮನೆಯ ಕಟ್ಟೆ ಹಿಡಿದು ನಿಂತೆ. ನಿಂತಲ್ಲಿಯೇ ವರ್ಷಗಳು ನಿದ್ದೆಗಣ್ಣಿನಂತೆ ಮುಚ್ಚಿಕೊಂಡವು, ಆ ಮಳೆಗಾಲ ತೆರೆಯಿತು.

ಎರಡು ಸಾವಿರದ ಏಳನೇ ಇಸವಿ. ನಮ್ಮವರು ಆಗ ಅಲ್ಲಿ ಹೈಸ್ಕೂಲ್ ಮಾಸ್ತರರು. ಅದಕ್ಕೂ ಮೊದಲು ನರಗುಂದ, ಆಮೇಲೆ ರೋಣ. ಬದಲಿಯಾದಲ್ಲೆಲ್ಲ ಎರಡು ಟ್ರಂಕು, ಒಂದು ಗ್ಯಾಸಿನ ಒಲೆ, ಒಂದು ದಿನಚರಿ ಪುಸ್ತಕ ಕಟ್ಟಿಕೊಂಡು ಹೋಗುವುದು ನನ್ನ ಸಂಸಾರ. ಮಳೆ ಬಂತೋ ಇಲ್ಲವೋ, ಏನು ಅಡಿಗೆ, ಯಾರು ಬಂದರು, ಏನಂದರು, ಇಷ್ಟೇ ಆ ಪುಸ್ತಕದ ಸುದ್ದಿ. ಆ ವರ್ಷದ ಪುಟ ತೆಗೆದರೆ ಹೀಗಿದೆ: “ಮಿರಗ ಮಳೆ ಸುಮಾರು. ಆರಿದ್ರಿ ಗಾಳಿ ಭಾಳ. ಮಗಿ, ಹುಬ್ಬಿ ಎರಡೂ ಚಲೋ. ಪುಂಡಿಪಲ್ಯ, ರೊಟ್ಟಿ. ನೀಲವ್ವ ಇಂದೂ ಕೇಳಿದಳು.”

ಈ ನೀಲವ್ವನ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊತ್ತು ಹೋಗಲೆಂದು ನಾನು ಆಗ ಹೆಣ್ಣುಮಕ್ಕಳ ಕೈಮಗ್ಗದ ಸಂಘವೊಂದರಲ್ಲಿ ಪತ್ರ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಉದ್ದನೆಯ ಹಳೇ ಪಡಸಾಲೆ, ನೆಲದೊಳಗೆ ಕಾಲಿಳಿಬಿಟ್ಟು ಕೂರುವ ಹನ್ನೊಂದು ಕುಣಿಮಗ್ಗ. ಮಳೆಗಾಲದ ಬೆಳಕು ಆ ಪಡಸಾಲೆಗೆ ಸೋಸಿದಂತೆ ಬರುತ್ತಿತ್ತು. ಹನ್ನೊಂದೂ ಮಗ್ಗದ ಲಾಳಿ ಒಮ್ಮೆಗೇ ಓಡುವಾಗ ಮೊದಮೊದಲು ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಎಂಟು ದಿನಕ್ಕೆ ಅದೇ ಸಪ್ಪಳ ಜೋಗುಳವಾಯಿತು, ನಿಂತರೇ ಎಚ್ಚರಾಗುತ್ತಿತ್ತು.

ಕಿಟಕಿಯ ಪಕ್ಕದ ಮಗ್ಗ ನೀಲವ್ವನದು, ಎದುರಿನದು ಅವಳ ಅತ್ತೆ ಗುರುಬಸವ್ವನದು. ನೀಲವ್ವನ ಗಂಡ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಗುರುಬಸವ್ವ ಗಂಡನನ್ನು ಕಳಕೊಂಡಿದ್ದು ಇನ್ನೂ ಹಿಂದೆ. ಒಂದೇ ಮನೆಯಲ್ಲಿ ಇಬ್ಬರು ವಿಧವೆಯರು, ಒಂದೇ ಚಹಾ ಬಟ್ಟಲನ್ನು ಎರಡು ಮಾಡಿಕೊಂಡು ಕುಡಿಯುವರು, ದಿನಾ ಜಗಳಾಡುವರು. ನೀಲವ್ವನಿಗೆ ಮೂವತ್ತೂ ತುಂಬಿರಲಿಲ್ಲ. ಏಳನೇ ಇಯತ್ತೆ ಕಲಿತಿದ್ದಳು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ, ದುಂಡಗೆ. ಸಂಘದ ಚೀಟಿ, ಬೋರ್ಡು, ಮಗ್ಗದ ಅಳತೆ, ಏನೇ ಇದ್ದರೂ ಅವಳೇ ಬರೆಯಬೇಕು. ನನ್ನ ಅಕ್ಷರ ಅದರ ಮುಂದೆ ಕೋಳಿ ಕೆದರಿದಂತೆ.

ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ದಸ್ತಗೀರನ ಕಂಪ್ಯೂಟರ್ ಅಂಗಡಿ. ನಮ್ಮ ಸಂಘದ ಹುಸೇನಬಿಯ ತಂಗಿಯ ಮಗ ಅವ. ಹುಬ್ಬಳ್ಳಿಯಲ್ಲಿ ಕಲಿತು ಬಂದಿದ್ದ. ಎರಡು ಕಂಪ್ಯೂಟರು, ಅವುಗಳ ಮೇಲೆ ಸದಾ ತೆಳ್ಳಗೆ ಗೋದಿ ಹಿಟ್ಟು. ಅವನೇ ಒಂದು ದಿನ ಬಂದು ಹೇಳಿದ: “ಅಕ್ಕಾರ, ಊರ ಮಂದಿ ನಿಮ್ಮ ಸೀರಿ ತಗೋತಾರ, ಹೊರಗಿನವ್ರಿಗೆ ಹ್ಯಾಂಗ ಗೊತ್ತಾಗಬೇಕ್ರಿ? ಇಂಟರ್‌ನೆಟ್ಟಿನ್ಯಾಗ ಒಂದು ಪುಟ ಮಾಡೂಣ. ಮಂದಿ ಅಲ್ಲೇ ಅರ್ಜಿ ತುಂಬ್ತಾರ, ನೀವು ನೇದು ಕಳಸ್ರಿ.”

“ಅರ್ಜ್ಯಾಗ ಏನ್ ಕೇಳಬೇಕೋ?” ಎಂದೆ.

“ಅಂಗಡ್ಯಾಗ ಗಿರಾಕಿಗೆ ಏನ್ ಕೇಳ್ತೀರೋ ಅದನ್ನ ಕೇಳ್ರಿ.”

ನಮ್ಮ ಕಡೆ ಸೀರೆ ಅಂಗಡಿಗೆ ಹೋದರೆ ಬಣ್ಣ ಕೇಳುವುದಿಲ್ಲ, ಬೆಲೆ ಕೇಳುವುದಿಲ್ಲ. ಗಾದಿಯ ಮೇಲೆ ಕೂತವರು ಮೊದಲು ಕೇಳುವುದು, “ಯಾರಿಗ್ರಿ? ಏನ್ ಕಾರ್ಯಾ?” ಅದು ಗೊತ್ತಾಗದೆ ಒಂದು ಮಡಿಕೆಯನ್ನೂ ಬಿಚ್ಚುವುದಿಲ್ಲ. ಹಾಗಾಗಿ ನಮ್ಮ ಅರ್ಜಿಯ ಮೊದಲ ಪ್ರಶ್ನೆಯೂ ಅದೇ ಆಯಿತು: ಸೀರೆ ಯಾರಿಗೆ? ವಧುವಿಗೆ, ಮುತ್ತೈದೆಗೆ, ಕುಬಸದ ಬಸುರಿಗೆ, ಹಿರಿಯರಿಗೆ, ವಿಧವೆಗೆ. ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಎದುರಿಗೆ ಒಂದೊಂದು ಚಿಕ್ಕ ಚೌಕ. ಅದರ ಕೆಳಗೆ ಬಣ್ಣ, ಅಂಚು, ಕುಬಸವಾದರೆ ಎಷ್ಟನೇ ತಿಂಗಳು, ಮದುವೆಯಾದರೆ ಯಾವ ವಾರ, ಹೀಗೆ.

ಮೊದಲ ಸಲ ದಸ್ತಗೀರ ಎಲ್ಲ ಪ್ರಶ್ನೆಗಳನ್ನೂ ಎಲ್ಲರಿಗೂ ಕಡ್ಡಾಯ ಮಾಡಿಬಿಟ್ಟ. ಪರೀಕ್ಷೆ ನೋಡಲೆಂದು ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ಕೂರಿಸಿದೆವು. ಪಾಪ, ಹೆಂಡತಿಗೆ ಒಂದು ಸೀರೆ ಬರೆಸಲು ಬಂದವರು. ಕನ್ನಡಕ ಏರಿಸಿ ಇಳಿಸಿ ತುಂಬಿದರು, ಗುಂಡಿ ಒತ್ತಿದರು. ಪುಟ ಮುಂದೆ ಹೋಗಲಿಲ್ಲ, ಕೆಂಪಗಾಯಿತು.

“ಏ ದಸ್ತಗೀರ, ಇದೇನೋ ಇದು!” ಎಂದು ಅವರು ಕುರ್ಚಿಯಿಂದಲೇ ಎದ್ದರು. “ನಮ್ಮನ್ಯಾಕಿಗೆ ಅರವತ್ತು ದಾಟ್ಯಾವ. ಎಷ್ಟನೇ ತಿಂಗಳು ಹೇಳು, ಇಲ್ಲಾಂದ್ರ ಬಿಡಂಗಿಲ್ಲ ಅಂತೈತಿ!”

ಹುಸೇನಬಿ ಅಲ್ಲಿಯೇ ಕೂತಿದ್ದಳು. “ಬರದ್ ಬಿಡ್ರಿ ಸರ, ಒಂಬತ್ತು ಅಂತ. ಲಗೂ ಸೀರಿ ಬರ್ತೈತಿ,” ಎಂದಳು. ಹೆಡ್‌ಮಾಸ್ತರರು ನಕ್ಕು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು.

ಆವತ್ತು ದಸ್ತಗೀರ ನನಗೊಂದು ವಿದ್ಯೆ ಹೇಳಿಕೊಟ್ಟ. “ಎಲ್ಲಾರ್ಗೂ ಎಲ್ಲಾ ಕೇಳೂದಲ್ರಿ ಅಕ್ಕಾರ. ಮೊದಲ ಉತ್ತರ ನೋಡಿ ಮುಂದಿನ ಪ್ರಶ್ನಿ. ಕುಬಸ ಅಂದ್ರ ತಿಂಗಳು ಕೇಳು, ಇಲ್ಲಾಂದ್ರ ಆ ಚೌಕಾನ ತೋರಸಬ್ಯಾಡ. ಮದುವಿ ಅಂದ್ರ ಒಂದು ನಿಯಮ, ಮುತ್ತೈದಿ ಅಂದ್ರ ಒಂದು. ಯಾರಿಗೆ ಯಾವ ನಿಯಮ ಅಂತ ನೀವು ಬರದು ಕೊಡ್ರಿ, ನಾ ಅದಕ್ಕ ಕಲಸ್ತೀನಿ.”

ಆ ಮಧ್ಯಾಹ್ನ ನನ್ನ ದಿನಚರಿಯಲ್ಲಿ ಎರಡು ಪುಟ ಇದೆ. ಕರೆಂಟು ಇರಲಿಲ್ಲ, ಜಿಟಿಜಿಟಿ ಮಳೆ. ಹಸಿಗೆ ಎಳೆಗಳು ಅಂಟಿಕೊಳ್ಳುತ್ತವೆಂದು ಮಗ್ಗಗಳನ್ನು ನಿಲ್ಲಿಸಿದ್ದರು. ಎಲ್ಲ ಹೆಂಗಸರೂ ಚಾಪೆಯ ಮೇಲೆ ಕೂತು, ಶೇಂಗಾ ಸುಲಿಯುತ್ತ, ನಿಯಮ ಹೇಳಿದರು. ವಧುವಿಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬಿಳಿ ಸೀರೆ ಬೇಕೇ ಬೇಕು, ಬಿಳಿ ಬೇಡವೆಂದು ತಡೆಯಬಾರದು. ಕುಬಸಕ್ಕೆ ಹಸಿರು. ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ನಡೆಯುತ್ತದೆ, ಮದುವೆಗೆ ಕಪ್ಪು ಸಲ್ಲದು. ಮುತ್ತೈದೆಯ ಸೀರೆಯೊಂದಿಗೆ ರವಿಕೆಯ ಕಣ ಇಲ್ಲದೆ ಅರ್ಜಿ ಮುಂದೆ ಹೋಗಬಾರದು.

“ವಿಧವಿಗೆ?” ಎಂದು ನಾನೇ ಕೇಳಿದೆ. ಪಟ್ಟಿಯಲ್ಲಿ ಇತ್ತು, ಕೇಳಿದೆ.

ಗುರುಬಸವ್ವ ಶೇಂಗಾದಿಂದ ತಲೆ ಎತ್ತಲಿಲ್ಲ. “ಹಸರು ನಡ್ಯಂಗಿಲ್ಲ. ಮತ್ತೇನ್ ಕೇಳ್ತಿ ಮಾಸ್ತರ ಹೇಂತಿ? ನಾ ಉಡೂದು ಬಿಟ್ಟು ಎಷ್ಟು ವರ್ಷಾತು.”

“ನಮ್ಮಲ್ಲಿ ಹಸರಿಗೆ ಯಾರೂ ಬಾಗ್ಲಾ ಹಾಕಂಗಿಲ್ಲ ನೋಡವಾ,” ಎಂದಳು ಹುಸೇನಬಿ.

“ನಿಮ್ಮಲ್ಲಿ ಹಾಕಬ್ಯಾಡ. ನಮ್ಮ ಬಾಗ್ಲಾ ನಾವ್ ಹಾಕ್ಕೋತೀವಿ,” ಎಂದಳು ಗುರುಬಸವ್ವ. ಎಲ್ಲರೂ ನಕ್ಕರು. ನಿಯಮ ಪಾಸಾಯಿತು.

ಒಂದು ತೊಡಕಿತ್ತು. ದಸ್ತಗೀರನ ಕಂಪ್ಯೂಟರಿನಲ್ಲಿ ಕಾಣುವ ಕನ್ನಡ ಅಕ್ಷರ ಬೇರೆ ಊರಿನ ಕಂಪ್ಯೂಟರಿನಲ್ಲಿ ಬರೀ ಡಬ್ಬಿಡಬ್ಬಿಯಾಗಿ ಕಾಣುತ್ತಿತ್ತು. ಆಗಿನ ಕಾಲ ಹಾಗಿತ್ತು. ಅದಕ್ಕೆ ಅವ ಒಂದು ಉಪಾಯ ಹುಡುಕಿದ. ಪುಟದ ಪ್ರಶ್ನೆಗಳನ್ನೂ ತಪ್ಪು ತೋರಿಸುವ ಮಾತುಗಳನ್ನೂ ಕಾಗದದ ಮೇಲೆ ಕೈಯಿಂದ ಬರೆಸಿ, ಸ್ಕ್ಯಾನ್ ಮಾಡಿ, ಚಿತ್ರದಂತೆ ಪುಟದಲ್ಲಿ ಕೂರಿಸುವುದು. ಬರೆಯುವವರು ಯಾರು? ನೀಲವ್ವನೇ. ನಾನು ಹೇಳುತ್ತ ಹೋದೆ, ಅವಳು ಕೆಂಪು ಪೆನ್ನಿನಿಂದ ಬರೆಯುತ್ತ ಹೋದಳು. ‘ದಯವಿಟ್ಟು ತಿಂಗಳನ್ನು ನಮೂದಿಸಿ.’ ‘ಮದುವೆಗೆ ಕಪ್ಪು ಸಲ್ಲದು.’ ವಿಧವೆಯ ಸಾಲು ಬಂದಾಗ ಪೆನ್ನು ಎತ್ತಿ ಕೇಳಿದಳು:

“ನಡೆಯುವುದಿಲ್ಲ ಅಂತ ಬರೀಲೇನ್ರಿ ಅಕ್ಕಾರ, ಒಪ್ಪುವುದಿಲ್ಲ ಅಂತ ಬರೀಲಿ?”

“ನಡೆಯುವುದಿಲ್ಲ ಅಂತ ಬರಿ,” ಎಂದೆ.

ಬರೆದಳು. ‘ಈ ಬಣ್ಣ ಇವರಿಗೆ ನಡೆಯುವುದಿಲ್ಲ.’ ಶಾಯಿ ಆರಲೆಂದು ಊದಿದಳು. ಆಗ ಅವಳ ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆಯೇ ಇತ್ತು. ನನಗೆ ಏನೂ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತೋ ಏನೋ, ಹೇಳಲಿಲ್ಲ.

ಶ್ರಾವಣದಲ್ಲಿ ಪುಟ ಶುರುವಾಯಿತು. ವಾರಕ್ಕೆ ಒಂದು ಎರಡು ಅರ್ಜಿ ಬರುತ್ತಿದ್ದವು, ಧಾರವಾಡದಿಂದ, ಬೆಳಗಾವಿಯಿಂದ. ಯಾರೋ ಕಾಣದವರ ಮನೆಯ ಕುಬಸ, ಮದುವೆ ಎಲ್ಲ ನಮ್ಮ ಪಡಸಾಲೆಗೆ ಬಂದು ಕೂತಂತೆ ಆಗುತ್ತಿತ್ತು. “ಬೆಳಗಾವ್ಯಾಕಿಗೆ ಏಳನೇ ತಿಂಗಳಂತ, ಲಗೂ ಲಗೂ ನೇಯ್ರಿ,” ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು.

ಅದೇ ಶ್ರಾವಣದಲ್ಲಿ ಈರಣ್ಣ ಬಂದ. ನರೇಗಲ್ಲಿನವ, ಮಗ್ಗದ ಹಣಿಗೆ ಕಟ್ಟುವವ. ಹಣಿಗೆಯೆಂದರೆ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆ. ಅದರ ಒಂದು ಹಲ್ಲು ಸಡಿಲಾದರೂ ಸೀರೆಯಲ್ಲಿ ಗೆರೆ ಬೀಳುತ್ತದೆ. ಎರಡು ತಿಂಗಳಿಗೊಮ್ಮೆ ಬಂದು ಹನ್ನೊಂದೂ ಮಗ್ಗ ನೋಡಿ ಹೋಗುತ್ತಿದ್ದ. ಯಾವ ಮಗ್ಗಕ್ಕೆ ಎಷ್ಟು ಅಳತೆ ಎಂದು ನೀಲವ್ವ ಬರೆದಿಟ್ಟ ಚೀಟಿ ಒಯ್ಯುತ್ತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಕೂಸೂ ಉಳಿದಿರಲಿಲ್ಲ. ಮಾತು ಕಡಿಮೆ, ಕೆಲಸ ಚೊಕ್ಕ. ನೀಲವ್ವನ ಮಗ್ಗ ನೋಡಲು ಮಾತ್ರ ಅವನಿಗೆ ಉಳಿದ ಹತ್ತಕ್ಕೆ ಹಿಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಹುಸೇನಬಿ ಕೆಮ್ಮುತ್ತಿದ್ದಳು.

ಅವ ಹೋದ ಮರುದಿನ ನೀಲವ್ವ ನನ್ನ ಮೇಜಿನ ಬಳಿ ಬಂದು, ನೂಲಿನ ಉಂಡೆ ಬೆರಳಲ್ಲಿ ತಿರುವುತ್ತ, ತುಟಿ ಅಲುಗಿತೋ ಇಲ್ಲವೋ ಎಂಬಂತೆ ಹೇಳಿದಳು. “ಅಕ್ಕಾರ, ಒಂದು ಮಾತು ಅಂದ್ರಿ ಅವ. ಮಾನಮಿ ಅಮಾಸಿ ಒಳಗ ನಿಮ್ಮ ಕಂಪ್ಯೂಟರಿನ್ಯಾಗ ಒಂದು ಹಸರು ಸೀರಿ ಬರಸ್ತೀನಿ, ಬಂತಂದ್ರ ಖರೇ ಅಂತ ತಿಳಿ. ನೀ ಆ ಸೀರಿ ನೇಯಾಕ ಕೂತಿ ಅಂದ್ರ ನಿಂದೂ ಹೂಂ ಅಂತ ನಾ ತಿಳ್ಕೋತೀನಿ ಅಂತ.”

ನಮ್ಮ ಕಡೆ ಉಡಿಕಿ ಅನ್ನುತ್ತಾರೆ. ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದು. ಚಪ್ಪರವಿಲ್ಲ, ವಾಲಗವಿಲ್ಲ. ನಾಲ್ಕು ಮಂದಿ ಎದುರಿಗೆ ಸಂಜೆ ಒಂದು ಸೀರೆ ಉಡಿಸಿದರೆ ಆಯಿತು. ಆ ಸೀರೆಯೇ ಮದುವೆ. ಅದಕ್ಕೇ ಅವ ಸೀರೆಯ ಮಾತು ಆಡಿದ್ದ.

“ನೀ ಏನಂದಿ?” ಎಂದೆ.

“ಏನ್ ಅನ್ಲಿ? ಅತ್ತಿ ಎದುರ್‍ಗೇ ಕೂತಿದ್ಲು. ಎಳಿ ಹರೀತು, ಕಟ್ಟಿದೆ.”

ಅಲ್ಲಿಂದ ಶುರುವಾಯಿತು ಅವಳ ಕೇಳುವುದು. ದಿನಾ ಸಂಜೆ ನಾನು ದಸ್ತಗೀರನ ಅಂಗಡಿಗೆ ಹೋಗಿ ಅರ್ಜಿ ನೋಡಿ ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಅವಳು ಮಗ್ಗದ ಕುಣಿಯಿಂದಲೇ ಹುಬ್ಬು ಎತ್ತುವಳು. ನಾನು ತಲೆ ಅಲ್ಲಾಡಿಸುವೆ. ಲಾಳಿ ಮತ್ತೆ ಓಡುವುದು. ಹುಬ್ಬಿ ಮಳೆ ಹೋಯಿತು, ಉತ್ತರಿ ಹೋಯಿತು, ಹಸ್ತ ಬಂತು. ಹೊಲಗಳಲ್ಲಿ ಎರಿಮಣ್ಣು ಬೆಣ್ಣೆಯಂತಾಗಿ ಬಿಳಿಜೋಳ ಬಿತ್ತುವ ಗಡಿಬಿಡಿ. ಗುಡ್ಡದ ಮೇಲೆ ಮೋಡ ಕೂತು ಏಳುತ್ತಿರಲಿಲ್ಲ. ಆ ದಿನಗಳ ನೆನಪೆಲ್ಲ ಒದ್ದೆ ಬಟ್ಟೆಯ ಒಳಗಿಂದ ನೋಡಿದಂತಿದೆ. ದಸ್ತಗೀರನ ಕಂಪ್ಯೂಟರು ಇಂಟರ್‌ನೆಟ್ಟು ಹಿಡಿಯುವಾಗ ಕುಂಯ್ಗುಟ್ಟುತ್ತಿದ್ದ ಸಪ್ಪಳ, ಗಿರಣಿಯ ಪಟ್ಟಿಯ ಸಪ್ಪಳ, ನನ್ನ ಕಿವಿಯಲ್ಲಿ ಉಳಿದ ಲಾಳಿಯ ಸಪ್ಪಳ, ಎಲ್ಲ ಒಂದಾಗಿ ಹರಿಯುತ್ತಿದ್ದವು. ಬೆಳಗಾವಿ, ಧಾರವಾಡ, ವಿಜಾಪುರ ಬರುತ್ತಿದ್ದವು. ನರೇಗಲ್ ಬರಲಿಲ್ಲ.

ದಸರೆಯ ಮೊದಲಿನ ಆ ಅಮಾವಾಸ್ಯೆಯೂ ಆಯಿತು. ಮರುದಿನ ನೀಲವ್ವ ಹುಬ್ಬು ಎತ್ತಲಿಲ್ಲ. ಅದನ್ನು ನೋಡಿ ನನಗೆ ಆದ ಸಂಕಟ, ಅವಳು ಅತ್ತಿದ್ದರೂ ಆಗುತ್ತಿರಲಿಲ್ಲ.

ಮೂರು ದಿನದ ಮೇಲೆ ದಸ್ತಗೀರ, “ಅಕ್ಕಾರ, ನಿಮಗ ತಾಳ್ಮಿ ಭಾಳ. ಇದನ್ನೊಂದು ಓದಿಕೊಡ್ರಿ,” ಎಂದು ಕಂಪ್ಯೂಟರಿನಲ್ಲಿ ಒಂದು ಕಡತ ತೆರೆದಿಟ್ಟ. ಅರ್ಜಿ ತುಂಬುವವರು ಎಲ್ಲೆಲ್ಲಿ ತಡೆದು ನಿಂತರು, ಯಾವ ನಿಯಮ ಅವರನ್ನು ನಿಲ್ಲಿಸಿತು ಎಂದು ತಾನಾಗೇ ಬರೆದುಕೊಳ್ಳುವ ಕಡತವಂತೆ. ಎಲ್ಲಿ ಜನಕ್ಕೆ ತೊಡಕಾಗುತ್ತದೆ ಎಂದು ನೋಡಿ ತಿದ್ದುವುದಕ್ಕೆ ಇಟ್ಟಿದ್ದ. ಒಂದೊಂದೇ ಸಾಲು ಓದುತ್ತ ಬಂದೆ. ತಿಂಗಳು ತುಂಬದವರು, ಕಣ ಮರೆತವರು, ಮದುವೆಗೆ ಕಪ್ಪು ಕೇಳಿದವರು. ಅಮಾವಾಸ್ಯೆಗೆ ನಾಲ್ಕು ದಿನ ಮೊದಲಿನ ಮೂರು ಸಾಲುಗಳಲ್ಲಿ ಕಣ್ಣು ನಿಂತಿತು.

ಈರಣ್ಣ, ನರೇಗಲ್. ಯಾರಿಗೆ: ವಿಧವೆಗೆ. ಬಣ್ಣ: ಎಲೆ ಹಸಿರು. ತಡೆಯಲಾಗಿದೆ.

ಈರಣ್ಣ, ನರೇಗಲ್. ಯಾರಿಗೆ: ವಿಧವೆಗೆ. ಬಣ್ಣ: ಗಿಳಿ ಹಸಿರು. ತಡೆಯಲಾಗಿದೆ.

ಈರಣ್ಣ, ನರೇಗಲ್. ಯಾರಿಗೆ: ವಿಧವೆಗೆ. ಬಣ್ಣ: ಪಾಚಿ ಹಸಿರು. ತಡೆಯಲಾಗಿದೆ.

ನಮ್ಮಲ್ಲಿ ಇದ್ದ ಹಸಿರೇ ಮೂರು. ಮೂರನ್ನೂ ಕೇಳಿದ್ದ.

ನಿಯಮ ಕೇಳಿ ಬರಕೊಂಡವಳು ನಾನು. ಮಾತು ಹೇಳಿ ಬರೆಸಿದವಳು ನಾನು. ಮೂರು ಸಲವೂ ಅವನ ಕಣ್ಣೆದುರು ಕೆಂಪು ಶಾಯಿಯಲ್ಲಿ ಎದ್ದದ್ದು ನೀಲವ್ವನ ಅಕ್ಷರ.

ಮರುದಿನ ಶುಕ್ರವಾರ, ನಮ್ಮವರಿಗೆ ಬುತ್ತಿ ಕಟ್ಟಿ ನರೇಗಲ್ಲಿನ ಬಸ್ ಹತ್ತಿದೆ. ಈರಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕೂತು ಸಾಮಾನು ಕಟ್ಟುತ್ತಿದ್ದ. ನನ್ನನ್ನು ಕಂಡು ಎದ್ದು, ಮಣೆ ಹಾಕಿ, ನೀರು ಕೊಟ್ಟ.

“ಎಲ್ಲಿಗಪಾ ಗಂಟು?”

“ಗುಳೇದಗುಡ್ಡಕ್ಕ್ರಿ. ಸೋಮವಾರ ಹೊಂಟೀನಿ. ಅಲ್ಲಿ ಮಗ್ಗ ಭಾಳ ಅದಾವ. ಒಂದು ಖೋಲಿನೂ ನೋಡೇನಿ.”

“ಮಾತು ಕೊಟ್ಟು ಹೋಗೂದೇನು?”

ಅವ ನೆಲ ನೋಡಿದ. “ನಾ ಕೊಟ್ಟ ಮಾತಿನಂಗ ಕೇಳೇನ್ರಿ ಅಕ್ಕಾರ. ಮೂರು ಸರ್ತಿ ಕೇಳೇನಿ. ಮೂರು ಸರ್ತೀನೂ ಅಕಿ ಅದ ಒಂದು ಮಾತು ಬರದ್ಲು. ನಡೆಯುವುದಿಲ್ಲ ಅಂತ. ಅಕ್ಷರ ಗುರ್ತ ಹಿಡೀಲಾರೆನೇನ್ರಿ ನಾ? ಎಷ್ಟು ಚೀಟಿ ಓದೇನಿ ಅಕಿವು.”

“ಅದು ಅಕಿ ಬರದಿದ್ದಲ್ಲೋ,” ಎಂದೆ. ತಪ್ಪಾಯಿತು ಅನ್ನಿಸಿತು. “ಅಂದ್ರ ಅಕಿನ ಬರದದ್ದು. ಆದ್ರ ನಿನಗ ಬರದದ್ದಲ್ಲ.”

ಈರಣ್ಣ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಬುಡದಿಂದ ಬಿಡಿಸಿ ಹೇಳಿದೆ. ಶೇಂಗಾ ಸುಲಿದ ಮಧ್ಯಾಹ್ನ, ನಿಯಮ, ಡಬ್ಬಿಡಬ್ಬಿ ಅಕ್ಷರ, ಕೆಂಪು ಪೆನ್ನು, ಸ್ಕ್ಯಾನು. ಆ ಮಾತು ಶ್ರಾವಣಕ್ಕೂ ಮೊದಲೇ ಬರೆದದ್ದು, ಯಾರು ಒತ್ತಿದರೂ ಅದೇ ಏಳುತ್ತದೆ, ಆ ಹೊತ್ತಿಗೆ ನೀಲವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳೋ ಏನೋ ಎಂದೆ.

“ಮತ್ತ, ಒಳಗ ಯಾರೂ ಕೂತಿರಂಗಿಲ್ಲೇನ್ರಿ?” ಎಂದ.

“ಯಾರೂ ಇರಂಗಿಲ್ಲ.”

“ನಾ ಒತ್ತೂದಕ್ಕ ಬಂತಲ್ರಿ, ತಡ ಇಲ್ಲದ. ಕಾದು ಕೂತಾಳ ಅನ್ಕೊಂಡೆ.”

ನನಗೆ ನಗು ಬಂತು. “ಅಲ್ಲೋ, ವಿಧವಿ ಅಂತ ಯಾಕ ಗುರ್ತು ಹಾಕಿದಿ? ವಧು ಅಂತ ಹಾಕಿದ್ರ ಸರಾಗ ಹೋಗ್ತಿತ್ತು.”

“ಅಕಿ ಇನ್ನ ಹೂಂ ಅಂದಿದ್ದಿಲ್ಲಲ್ರಿ. ನಾನ ಮೊದಲ ವಧು ಅಂತ ಹ್ಯಾಂಗ ಬರೀಲಿ?” ಎಂದ. “ಸುಳ್ಳು ಬರದು ತರ್ಸಿದ ಸೀರಿ ಉಡಿಸಬಾರ್ದು ಅನಿಸ್ತು.”

ಬಸ್ಸಿಗೆ ಹೊತ್ತಾಗಿತ್ತು. ಎದ್ದೆ. ಅವ ಬಾಗಿಲವರೆಗೆ ಬಂದು ಹೇಳಿದ: “ರವಿವಾರ ಇಲ್ಲಿ ಕಂಪ್ಯೂಟರ್ ಅಂಗಡ್ಯಾಗ ಇನ್ನೊಂದು ಸರ್ತಿ ಒತ್ತತೀನ್ರಿ. ಒಳಗ ಯಾರೂ ಇಲ್ಲ ಅಂತ ನೀವ್ ಹೇಳಿದ್ದು ತಿಳೀತು. ಆದ್ರೂ ಆ ಅಕ್ಷರದಾಗ ಆ ಮಾತು ನಾಕನೇ ಸರ್ತಿ ನೋಡಾಕ ನನ್ನ ಕಡಿಂದ ಆಗಂಗಿಲ್ಲ. ಬಂತಂದ್ರ ಸೋಮವಾರ ಹೋಗ್ತೀನಿ.”

ಊರು ಮುಟ್ಟಿದವಳು ಮನೆಗೆ ಹೋಗದೆ ಸೀದಾ ದಸ್ತಗೀರನ ಅಂಗಡಿಗೆ ಹೋದೆ. ನಮಾಜು ಮುಗಿಸಿ ಬಂದು ಟೊಪ್ಪಿಗೆ ಮಡಚುತ್ತಿದ್ದ. ಎಲ್ಲ ಕೇಳಿ ಕಂಪ್ಯೂಟರಿನ ಮೇಲಿನ ಹಿಟ್ಟು ಒರೆಸಿದ. ಆಮೇಲೆ, “ಒಂದು ಸಾಲ್ರಿ ಅಕ್ಕಾರ. ಅಳಿಸಿದ್ರ ಆತು, ಎರಡು ಮಿನಿಟಿಂದು. ಆದ್ರ ಅದು ನನ್ನ ಸಾಲಲ್ಲ, ನಿಮ್ಮದೂ ಅಲ್ಲ. ಹೇಳಿದಾಕಿ ಗುರುಬಸವ್ವ. ಆಕಿಗೆ ಗೊತ್ತಿಲ್ದ ಅಳಿಸಿ ಆಕಿ ಸೊಸಿನ್ನ ಕಳಸೂದು ಚಲೋ ಅಲ್ಲ,” ಎಂದ. ಇಪ್ಪತ್ತಾರು ವರ್ಷದವನ ಬಾಯಿಂದ ಆ ಮಾತು ಬಂದದ್ದಕ್ಕೆ ನಾನು ನಾಚಿದೆ. ನಾನು ಗುಟ್ಟಾಗಿ ಅಳಿಸಲೆಂದೇ ಬಂದಿದ್ದೆ.

ಶನಿವಾರ ಮುಂಜಾನೆ ನೀಲವ್ವ ನೀರಿಗೆ ಹೋದ ಹೊತ್ತು ನೋಡಿ ಅವರ ಮನೆಗೆ ಹೋದೆ. ಗುರುಬಸವ್ವ ಬಾಗಿಲ ಬೆಳಕಿಗೆ ರಾಟೆ ಇಟ್ಟುಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎದುರಿಗೆ ಕೂತೆ. ಎಲ್ಲಿಂದ ಎತ್ತಲಿ ಎಂದು ಒದ್ದಾಡಿ, ಕಂಪ್ಯೂಟರಿನಿಂದಲೇ ಎತ್ತಿದೆ. ಒಬ್ಬ ಬಂದು ಮೂರು ಸಲ ಹಸಿರು ಕೇಳಿದ, ನಮ್ಮ ನಿಯಮ ಮೂರು ಸಲ ಇಲ್ಲ ಅಂದಿತು ಎಂದೆ.

“ಯಾಂವ?” ಎಂದಳು.

ಹೇಳಿದೆ. ರಾಟೆ ನಿಲ್ಲಲಿಲ್ಲ. ಎಳೆ ಅವಳ ಬೆರಳ ಸಂದಿಯಿಂದ ಹರಿಯುತ್ತಲೇ ಇತ್ತು.

“ಯಾರಿಗೆ ಅಂತ ನಂಗೂ ಗೊತ್ತೈತಿ. ಕಣ್ಣು ಹೋಗಿಲ್ಲ ಇನ್ನ ನಂದು,” ಎಂದಳು. ಎಳೆ ಬಿಗಿ ನೋಡಿ, “ಕುಡೀತಾನೇನು?”

“ಇಲ್ಲ.”

“ಮೊದಲಿನಾಕಿ?”

“ಹೆರಿಗ್ಯಾಗ ಹೋದ್ಲು. ಕೂಸೂ ಹೋತು.”

“ಅವನ ಕೈ ನೋಡೇನಿ. ಹಣಗಿ ಕಟ್ಟೂ ಕೈ, ಅವಸರ ಇಲ್ಲ,” ಎಂದಳು. ಕಂಡಿಕೆ ತುಂಬಿತು. ತೆಗೆದು ಬುಟ್ಟಿಗೆ ಹಾಕಿ ಇನ್ನೊಂದು ಸಿಕ್ಕಿಸಿದಳು. ತಿರುವಲಿಲ್ಲ. “ಅಕಿ ಹೋದ್ರ ಈ ಮನ್ಯಾಗ ನನ್ನ ಕೂಡ ಜಗಳಾ ಯಾರ್ ಮಾಡ್ತಾರ?”

ಅವಳು ಕೇಳಿದ್ದು ನನ್ನನ್ನಲ್ಲ. ಬಾಗಿಲಾಚೆ ಮೋಡ ಸರಿದು ಬಿಸಿಲು ಒಂದು ಗಳಿಗೆ ಅಂಗಳದಲ್ಲಿ ನಿಂತು ಹೋಯಿತು. ಎಷ್ಟು ಹೊತ್ತು ಕೂತಿದ್ದೆವೋ. ಆ ಮನೆಯ ಗಡಿಯಾರ ನಡೆಯುತ್ತಿರಲಿಲ್ಲ.

“ಆ ಸಾಲು ತಗಿ ಅಂತ ಹೇಳು ದಸ್ತಗೀರಗ,” ಎಂದಳು ಕಡೆಗೆ. ನಾನು ಏಳುವಷ್ಟರಲ್ಲಿ ಸೆರಗು ಹಿಡಿದು ಕೂರಿಸಿದಳು. “ತಡಿ. ಹಸರು ಅಂದ್ರ ಯಾವ ಹಸರು ಬರದಾನ ಅಂವ?”

“ಮೂರೂ ಕೇಳ್ಯಾನ.”

“ಹುಚ್ಚ. ಗಿಳಿ ಹಸರು ಬರಿ ಅಂತ ತಿಳಸು. ಎಲಿ ಹಸರು ನೀಲವ್ವಗ ಒಪ್ಪಂಗಿಲ್ಲ, ಮಾರಿ ಕಂದ್ತೈತಿ.”

ರವಿವಾರ. ಮುಂಜಾನೆಯೇ ನರೇಗಲ್ಲಿನ ಕಂಪ್ಯೂಟರ್ ಅಂಗಡಿಗೆ ದಸ್ತಗೀರ ಫೋನು ಮಾಡಿ, ಈರಣ್ಣ ಬಂದರೆ ಗಿಳಿ ಹಸಿರು ಎಂದು ಹೇಳಲು ತಿಳಿಸಿದ. ನೀಲವ್ವನಿಗೆ ಎಲ್ಲ ಹೇಳಿ ಕರಕೊಂಡು ಬಂದಿದ್ದೆ. ಗುರುಬಸವ್ವ ಕರೆಯದೆಯೂ ಬಂದಳು, ಹುಸೇನಬಿ ಕರೆದರೂ ಕರೆಯದಿದ್ದರೂ ಬರುವವಳೇ. ಗಿರಣಿಗೆ ರಜೆ, ಅಂಗಡಿ ನಿಶ್ಶಬ್ದ. ಐವರೂ ಒಂದು ಪರದೆ ನೋಡುತ್ತ ಕೂತೆವು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಸಲ ಕರೆಂಟು ಹೋಗಿ ಬಂತು. ನೀಲವ್ವ ಬೆರಳಿನಿಂದ ಮೇಜಿನ ಹಿಟ್ಟಿನ ಮೇಲೆ ಏನೋ ಗೆರೆ ಎಳೆಯುತ್ತ, ಅಳಿಸುತ್ತ ಇದ್ದಳು.

ಊಟದ ಹೊತ್ತು ಮೀರಿದ ಮೇಲೆ ಪರದೆಯಲ್ಲಿ ಹೊಸ ಸಾಲು ಬಂತು. ದಸ್ತಗೀರ ಗಟ್ಟಿಯಾಗಿ ಓದಿದ. “ಈರಣ್ಣ, ನರೇಗಲ್. ಯಾರಿಗೆ, ವಿಧವೆಗೆ. ಬಣ್ಣ, ಗಿಳಿ ಹಸಿರು. ಪಾಸ್ ಆತ್ರಿ!” ಆಮೇಲೆ ಹುಬ್ಬು ಗಂಟಿಕ್ಕಿದ. “ಸೀರಿ ಕಳಸೂ ವಿಳಾಸದ ಚೌಕದಾಗ ವಿಳಾಸ ಹಾಕಿಲ್ರಿ ಅಂವ. ‘ಕಳಸೂದು ಬ್ಯಾಡ, ನಾನ ಬರ್ತೀನಿ’ ಅಂತ ಬರದಾನ. ಅಕ್ಕಾರ, ಇದನ್ನ ತಡೀಬೇಕೇನ್ರಿ?”

“ಬಿಡೋ ಮಾರಾಯಾ,” ಎಂದೆ.

“ಬರ್ತೀನಿ ಅಂತಾನ, ಯಾವತ್ತು ಅಂತ ಬರದಿಲ್ಲ,” ಎಂದಳು ಗುರುಬಸವ್ವ.

“ತಾರೀಖು ಕಡ್ಡಾಯ ಮಾಡಿದ್ದಿಲ್ರಿ ಯವ್ವಾ.”

“ಮಾಡಬೇಕಿತ್ತು.”

ನೀಲವ್ವ ಈಗ ದಸ್ತಗೀರನ ಮೇಜಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡಳು. ಕೆಂಪು ಪೆನ್ನು ಸರಿಸಿ, ನೀಲಿ ಪೆನ್ನು ಎತ್ತಿಕೊಂಡಳು. ಯಾರನ್ನೂ ಕೇಳದೆ ಬರೆದಳು. ‘ಹೊಸ ಹಾಸು ಹೂಡಬೇಕು. ಎಂಟು ದಿನ ಬೇಕಾಗುವುದು. ಒಂಬತ್ತನೆಯ ದಿನ ಬರಬಹುದು.’ ಊದಿ ಆರಿಸಿ ದಸ್ತಗೀರನ ಕೈಗೆ ಕೊಟ್ಟಳು. “ಇದನ್ನ ಕಳಸ್ರಿ. ಈ ಸರ್ತಿ ಒಳಗ ನಾ ಕೂತೀನಿ ಅಂತ ಹೇಳ್ರಿ.”

ಅವತ್ತೇ ಮಧ್ಯಾಹ್ನ ಅವಳು ಹಾಸು ಹೂಡಲು ಶುರು ಮಾಡಿದಳು. ಗುರುಬಸವ್ವ ಎಳೆ ಹಿಡಿದಳು, ನಡುವೆ ಎರಡು ಸಲ ಬೈದಳು. ದಸರೆಯ ಬನ್ನಿ ಮುಡಿಯುವ ದಿನವೂ ಆ ಮಗ್ಗವೊಂದು ನಿಲ್ಲಲಿಲ್ಲ.

ಈರಣ್ಣ ಎಂಟನೆಯ ದಿನವೇ ಬಂದ. ಗಿಳಿ ಹಸಿರು ಇನ್ನೂ ಮಗ್ಗದ ಮೇಲಿತ್ತು. ಅವ ಪಡಸಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಹತ್ತು ಮಗ್ಗಗಳೂ ನಿಂತವು. ನೀಲವ್ವ ಕುಣಿಯೊಳಗಿನ ಕಾಲು ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ.

“ಕುಂದರ್‍ರಿ,” ಎಂದಳು. “ಇನ್ನೊಂದು ಗೇಣು ಐತಿ.”